ಹೃದಯದ ಮಿಡಿತ ಮತ್ತು ಅಯಾನು ಕಾಲುವೆಗಳು: ವಂಶವಾಹಿಗಳ ರೂಪಭೇದದ ಪರಿಣಾಮ

ಕೆರೆಯ ನೀರು ಗದ್ದೆಗೆ ಹರಿಯಬೇಕಾದರೆ ತೂಬನ್ನು ಎತ್ತಬೇಕು. ಸಾಕಷ್ಟು ನೀರು ಹರಿದ ಮೇಲೆ ತೂಬನ್ನು ಮುಚ್ಚಬೇಕು. ಎತ್ತುವುದು ತಡವಾದರೆ ಪೈರು ಒಣಗುತ್ತದೆ. ಮುಚ್ಚುವುದು ತಡವಾದರೆ ಪೈರು ಕೊಳೆಯುತ್ತದೆ. ಮಾನವ ದೇಹದ ಪ್ರತಿಯೊಂದು ಜೀವಕೋಶದ ಹೊರಪೊರೆಯಲ್ಲಿಯೂ ಇಂತಹ ತೂಬುಗಳುಳ್ಳ ಅತಿ ಸೂಕ್ಷ್ಮವಾದ ಮಾರ್ಗಗಳಿವೆ. ಇವುಗಳ ಮೂಲಕ ಹರಿಯುವುದು ನೀರಲ್ಲ. ವಿದ್ಯುದಂಶವನ್ನು ಹೊತ್ತ ಸೋಡಿಯಂ, ಪೊಟ್ಯಾಸಿಯಂ, ಕ್ಯಾಲ್ಸಿಯಂ ಮತ್ತು ಕ್ಲೋರೈಡ್ ಕಣಗಳು. ಈ ಕಣಗಳಿಗೆ ಅಯಾನುಗಳೆಂದೂ ಅವು ಹಾದುಹೋಗುವ ಮಾರ್ಗಗಳಿಗೆ ಅಯಾನು ಕಾಲುವೆಗಳೆಂದೂ ಹೆಸರು. ಹೃದಯದ ಮಿಡಿತ, ಸ್ನಾಯುಗಳ ಸಂಕೋಚನ, ನೋವಿನ ಅರಿವು, ಮಿದುಳಿನ ಕಾರ್ಯ ಇವೆಲ್ಲವೂ ಈ ಕಾಲುವೆಗಳು ಸಕಾಲದಲ್ಲಿ ತೆರೆದು ಸಕಾಲದಲ್ಲಿ ಮುಚ್ಚುವುದನ್ನು ಅವಲಂಬಿಸಿವೆ.

ಕಾಲುವೆಗಳನ್ನು ರಚಿಸುವ ಸೂಚನೆಗಳು ವಂಶವಾಹಿಗಳಲ್ಲಿ ಅಡಕವಾಗಿವೆ. ವಂಶವಾಹಿಗಳು ಒಬ್ಬ ವ್ಯಕ್ತಿಯಿಂದ ಇನ್ನೊಬ್ಬ ವ್ಯಕ್ತಿಗೆ ಅಲ್ಪಸ್ವಲ್ಪ ಭಿನ್ನವಾಗಿರುವುದು ಸಹಜ. ಈ ಭಿನ್ನತೆಗಳಲ್ಲಿ ಬಹುಪಾಲು ನಿರುಪದ್ರವಿಗಳು. ಆದರೆ ಕೆಲವೊಂದು ರೂಪಭೇದಗಳಿಂದ ಕಾಲುವೆಯ ಕಾರ್ಯವೇ ಬದಲಾಗುತ್ತದೆ. ಮೇಲ್ನೋಟಕ್ಕೆ ಆರೋಗ್ಯವಾಗಿದ್ದ ಬಾಲಕನೋ ಯುವತಿಯೋ ಓಡುವಾಗ ಇಲ್ಲವೆ ಈಜುವಾಗ ಹಠಾತ್ತನೆ ಕುಸಿದು ಮೃತಪಟ್ಟು, ಮರಣೋತ್ತರ ಪರೀಕ್ಷೆಯಲ್ಲಿ ಹೃದಯದ ರಚನೆಯಲ್ಲಿ ಯಾವ ದೋಷವೂ ಕಾಣದಿರುವ ಪ್ರಸಂಗಗಳಲ್ಲಿ ಕೆಲವಕ್ಕೆ ಇದೇ ಕಾರಣವೆಂಬುದು ಈಗ ಸ್ಪಷ್ಟವಾಗಿದೆ. ಕಾರಣ ತಿಳಿದರೆ ಅದೇ ಕುಟುಂಬದ ಇತರರ ಪ್ರಾಣವನ್ನು ಉಳಿಸಲು ಸಾಧ್ಯ. ಆದುದರಿಂದ ಈ ವಿಷಯದ ಸ್ಥೂಲ ಪರಿಚಯ ಜನಸಾಮಾನ್ಯರಿಗೂ ಇರುವುದು ಅವಶ್ಯಕ.

ಅಯಾನು ಕಾಲುವೆ ಎಂದರೇನು?

ಜೀವಕೋಶದ ಹೊರಪೊರೆಯು ಮುಖ್ಯವಾಗಿ ಕೊಬ್ಬಿನಂಶದಿಂದ ಕೂಡಿದ್ದು, ವಿದ್ಯುದಂಶವುಳ್ಳ ಕಣಗಳನ್ನು ತನ್ನ ಮೂಲಕ ಹಾದುಹೋಗಲು ಬಿಡುವುದಿಲ್ಲ. ಈ ಪೊರೆಯ ಒಳಬದಿಯಿಂದ ಹೊರಬದಿಯವರೆಗೆ ಚಾಚಿಕೊಂಡಿರುವ, ನಡುವೆ ರಂಧ್ರವುಳ್ಳ ಪ್ರೋಟೀನೇ ಅಯಾನು ಕಾಲುವೆ. ಪೊರೆಯ ವಿದ್ಯುತ್ ಸ್ಥಿತಿಯಲ್ಲಿ ಆಗುವ ಬದಲಾವಣೆಯಿಂದಲೋ, ರಾಸಾಯನಿಕದ ಸಂಪರ್ಕದಿಂದಲೋ, ಶಾಖ ಅಥವಾ ಒತ್ತಡದಿಂದಲೋ ಈ ರಂಧ್ರ ತೆರೆದುಕೊಳ್ಳುತ್ತದೆ. ಕೆಲವು ಬಗೆಯ ಕಾಲುವೆಗಳು ತೆರೆದಿರುವಾಗ ಒಂದು ಸೆಕೆಂಡಿನಲ್ಲಿ ಒಂದು ಕೋಟಿಗೂ ಹೆಚ್ಚು ಅಯಾನುಗಳು ಹಾದುಹೋಗಬಲ್ಲವು. ಹೀಗಿದ್ದೂ ಪೊಟ್ಯಾಸಿಯಂ ಕಾಲುವೆಯು ತನಗಿಂತ ಗಾತ್ರದಲ್ಲಿ ಚಿಕ್ಕದಾದ ಸೋಡಿಯಂ ಅಯಾನನ್ನು ಒಳಗೆ ಬಿಟ್ಟುಕೊಳ್ಳುವುದಿಲ್ಲ. ಈ ಆಯ್ಕೆಯ ಗುಟ್ಟನ್ನು ಅಮೆರಿಕದ ವಿಜ್ಞಾನಿ ರೋಡರಿಕ್ ಮೆಕಿನನ್ 1998ರಲ್ಲಿ ಕಾಲುವೆಯ ರಚನೆಯನ್ನೇ ಚಿತ್ರಿಸಿ ತೋರಿಸಿದರು; 2003ರ ರಸಾಯನ ವಿಜ್ಞಾನದ ನೊಬೆಲ್ ಪಾರಿತೋಷಕದಲ್ಲಿ ಪಾಲು ಪಡೆದರು.

ಇದಕ್ಕೂ ಮುನ್ನ, 1952ರಲ್ಲಿ, ಬ್ರಿಟನ್ನಿನ ಹಾಜ್‌ಕಿನ್ ಮತ್ತು ಹಕ್ಸ್‌ಲಿ ಅವರು ಸ್ಕ್ವಿಡ್ ಎಂಬ ಕಡಲಜೀವಿಯ ದಪ್ಪನೆಯ ನರತಂತುವಿನಲ್ಲಿ ವಿದ್ಯುತ್ ಪ್ರವಾಹವನ್ನು ಅಳೆದು, ಸೋಡಿಯಂ ಒಳಕ್ಕೂ ಪೊಟ್ಯಾಸಿಯಂ ಹೊರಕ್ಕೂ ಹರಿಯುವುದರಿಂದಲೇ ನರಸಂದೇಶ ಉಂಟಾಗುತ್ತದೆಂದು ಸಿದ್ಧಪಡಿಸಿದ್ದರು. 1976ರಲ್ಲಿ ಜರ್ಮನಿಯ ಎರ್ವಿನ್ ನೇಹರ್ ಮತ್ತು ಬರ್ಟ್ ಸಾಕ್‌ಮನ್ ಅವರು ಕೂದಲಿಗಿಂತ ಎಷ್ಟೋ ಪಾಲು ಸಪೂರವಾದ ತುದಿಯುಳ್ಳ ಗಾಜಿನ ನಳಿಕೆಯನ್ನು ಜೀವಕೋಶದ ಪೊರೆಗೆ ತಾಗಿಸಿ, ಒಂದೇ ಒಂದು ಕಾಲುವೆ ತೆರೆದು ಮುಚ್ಚುವಾಗ ಹರಿಯುವ ಪ್ರವಾಹವನ್ನು ಅಳೆದರು. ಅವರಿಗೆ 1991ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ವಂಶವಾಹಿಯ ಒಂದು ರೂಪಭೇದದಿಂದ ಕಾಲುವೆಗೆ ಏನಾಗಿದೆ ಎಂಬುದನ್ನು ಇಂದಿಗೂ ಈ ವಿಧಾನದಿಂದಲೇ ಪರೀಕ್ಷಿಸಲಾಗುತ್ತಿದೆ.

ಒಂದು ಮಿಡಿತದ ಹಿಂದಿನ ಕ್ರಮ

ವಿಶ್ರಾಂತ ಸ್ಥಿತಿಯಲ್ಲಿ ಹೃದಯದ ಸ್ನಾಯುಕೋಶದ ಒಳಭಾಗವು ಹೊರಭಾಗಕ್ಕೆ ಹೋಲಿಸಿದರೆ ಸುಮಾರು 90 ಮಿಲಿವೋಲ್ಟ್‌ನಷ್ಟು ಋಣ ವಿದ್ಯುತ್ತನ್ನು ಹೊಂದಿರುತ್ತದೆ. ಮಿಡಿತದ ಸಂದೇಶ ತಲಪಿದ ಕೂಡಲೇ ಸೋಡಿಯಂ ಕಾಲುವೆಗಳು ತೆರೆದು ಸೋಡಿಯಂ ಒಳನುಗ್ಗುತ್ತದೆ. ಕ್ಷಣಾರ್ಧದಲ್ಲಿ ಅವು ಮುಚ್ಚಿಕೊಳ್ಳುತ್ತವೆ. ಅನಂತರ ಕ್ಯಾಲ್ಸಿಯಂ ಒಳಬಂದು ಸ್ನಾಯು ಸಂಕುಚಿಸುತ್ತದೆ. ರಕ್ತವು ಮುಂದಕ್ಕೆ ದೂಡಲ್ಪಡುತ್ತದೆ. ಕೊನೆಯದಾಗಿ ಪೊಟ್ಯಾಸಿಯಂ ಕಾಲುವೆಗಳು ತೆರೆದು ಪೊಟ್ಯಾಸಿಯಂ ಹೊರಹರಿಯುತ್ತದೆ. ಕೋಶವು ಮತ್ತೆ ಮೊದಲಿನ ಸ್ಥಿತಿಗೆ ಮರಳಿ ಮುಂದಿನ ಮಿಡಿತಕ್ಕೆ ಸಿದ್ಧವಾಗುತ್ತದೆ. ಇಷ್ಟೆಲ್ಲ ನಡೆಯುವುದು ಅರ್ಧ ಸೆಕೆಂಡಿಗಿಂತಲೂ ಕಡಿಮೆ ಅವಧಿಯಲ್ಲಿ.

ಇ.ಸಿ.ಜಿ. ಕಾಗದದ ಮೇಲೆ ಈ ಅವಧಿಯನ್ನು ಅಳೆಯಬಹುದು. ಅದಕ್ಕೆ ಕ್ಯು.ಟಿ. ಅಂತರವೆಂದು ಹೆಸರು. ಹೃದಯ ಬಡಿತದ ವೇಗಕ್ಕೆ ತಕ್ಕಂತೆ ಲೆಕ್ಕಹಾಕಿದ ಈ ಅಂತರವು ಸಾಮಾನ್ಯವಾಗಿ ಪುರುಷರಲ್ಲಿ 0.45 ಸೆಕೆಂಡ್ ಹಾಗೂ ಸ್ತ್ರೀಯರಲ್ಲಿ 0.46 ಸೆಕೆಂಡಿನೊಳಗೆ ಇರುತ್ತದೆ. ಅದು 0.50 ಸೆಕೆಂಡನ್ನು ಮೀರಿದರೆ ಅಪಾಯ ಹೆಚ್ಚು. ಕೋಶಗಳು ಸಕಾಲದಲ್ಲಿ ಸಿದ್ಧವಾಗದಿದ್ದರೆ ಹೃದಯದ ಲಯ ಕೆಟ್ಟು, ಅದು ಮಿಡಿಯುವ ಬದಲು ಬರಿದೆ ಅದುರತೊಡಗುತ್ತದೆ. ರಕ್ತ ಮಿದುಳಿಗೆ ತಲಪದೆ ವ್ಯಕ್ತಿ ಪ್ರಜ್ಞೆ ತಪ್ಪುತ್ತಾನೆ. ಲಯ ತಾನಾಗಿ ಸರಿಹೋದರೆ ಎಚ್ಚರಗೊಳ್ಳುತ್ತಾನೆ. ಸರಿಹೋಗದಿದ್ದರೆ ಕೆಲವೇ ನಿಮಿಷಗಳಲ್ಲಿ ಸಾವು ಸಂಭವಿಸುತ್ತದೆ.

ಕುಟುಂಬಗಳಲ್ಲಿ ಕಂಡುಬಂದ ವ್ಯಾಧಿ

1957ರಲ್ಲಿ ನಾರ್ವೆ ದೇಶದ ವೈದ್ಯರಾದ ಯೆರ್ವೆಲ್ ಮತ್ತು ಲಾಂಗೆ-ನೀಲ್ಸನ್ ಅವರು ಒಂದು ಕುಟುಂಬದ ವೃತ್ತಾಂತವನ್ನು ಪ್ರಕಟಿಸಿದರು. ಆರು ಮಕ್ಕಳಲ್ಲಿ ನಾಲ್ವರು ಹುಟ್ಟುಕಿವುಡರಾಗಿದ್ದು, ಆಗಾಗ್ಗೆ ಪ್ರಜ್ಞೆ ತಪ್ಪುತ್ತಿದ್ದರು. ಅವರಲ್ಲಿ ಮೂವರು ಎಳೆಯ ವಯಸ್ಸಿನಲ್ಲಿಯೇ ಹಠಾತ್ತನೆ ತೀರಿಕೊಂಡರು. ಮಕ್ಕಳ ಇ.ಸಿ.ಜಿ.ಯಲ್ಲಿ ಕ್ಯು.ಟಿ. ಅಂತರ ದೀರ್ಘವಾಗಿತ್ತು. 1963ರಲ್ಲಿ ಇಟಲಿಯ ರೊಮಾನೊ, 1964ರಲ್ಲಿ ಐರ್ಲೆಂಡಿನ ವಾರ್ಡ್ ಕಿವುಡುತನವಿಲ್ಲದ ಕುಟುಂಬಗಳಲ್ಲಿಯೂ ಇದೇ ವ್ಯಾಧಿಯನ್ನು ಗುರುತಿಸಿದರು. ಇಟಲಿಯಲ್ಲಿ 44 ಸಾವಿರಕ್ಕೂ ಹೆಚ್ಚು ನವಜಾತ ಶಿಶುಗಳ ಇ.ಸಿ.ಜಿ. ತೆಗೆದು 2009ರಲ್ಲಿ ಪ್ರಕಟಿಸಿದ ಅಧ್ಯಯನದಂತೆ, ಸುಮಾರು 2,000 ಮಂದಿಗೆ ಒಬ್ಬರಲ್ಲಿ ಈ ವ್ಯಾಧಿ ಇರುತ್ತದೆ.

ಕಾರಣವಾದ ವಂಶವಾಹಿಗಳು 1995 ಮತ್ತು 1996ರಲ್ಲಿ ಪತ್ತೆಯಾದವು. ಅವುಗಳಲ್ಲಿ ಮೂರು ಮುಖ್ಯವಾದವು. 11ನೆಯ ವರ್ಣತಂತುವಿನಲ್ಲಿರುವ ಕೆ.ಸಿ.ಎನ್.ಕ್ಯು.-1 ಹಾಗೂ 7ನೆಯ ವರ್ಣತಂತುವಿನಲ್ಲಿರುವ ಕೆ.ಸಿ.ಎನ್.ಎಚ್.-2 ವಂಶವಾಹಿಗಳು ಎರಡು ಬಗೆಯ ಪೊಟ್ಯಾಸಿಯಂ ಕಾಲುವೆಗಳನ್ನೂ, 3ನೆಯ ವರ್ಣತಂತುವಿನಲ್ಲಿರುವ ಎಸ್.ಸಿ.ಎನ್.-5ಎ ವಂಶವಾಹಿಯು ಸೋಡಿಯಂ ಕಾಲುವೆಯನ್ನೂ ರಚಿಸುತ್ತವೆ.

ಯಾವ ಕಾಲುವೆ ಕೆಟ್ಟಿದೆ ಎಂಬುದಕ್ಕೆ ತಕ್ಕಂತೆ ಅಪಾಯದ ಸಂದರ್ಭವೂ ಬೇರೆಯಾಗುತ್ತದೆ. ಶ್ರಮದಿಂದ ಹೃದಯದ ವೇಗ ಹೆಚ್ಚಿದಾಗ ಮೊದಲನೆಯ ಬಗೆಯ ಪೊಟ್ಯಾಸಿಯಂ ಕಾಲುವೆಗಳು ಹೆಚ್ಚು ದುಡಿದು ಪ್ರತಿ ಮಿಡಿತದ ಅವಧಿಯನ್ನು ಕುಗ್ಗಿಸಬೇಕು. ಅವು ಕೆಟ್ಟಿದ್ದರೆ ಓಟ ಹಾಗೂ ವಿಶೇಷವಾಗಿ ಈಜು ಅಪಾಯಕಾರಿಯಾಗುತ್ತವೆ. ಎರಡನೆಯ ಬಗೆಯ ದೋಷವುಳ್ಳವರಿಗೆ ಗಡಿಯಾರದ ಅಲಾರಂ, ದೂರವಾಣಿಯ ಕರೆಗಂಟೆಯಂತಹ ಹಠಾತ್ ಸದ್ದುಗಳಿಂದಲೂ, ಸೋಡಿಯಂ ಕಾಲುವೆಯ ದೋಷವುಳ್ಳವರಿಗೆ ವಿಶ್ರಾಂತಿ ಇಲ್ಲವೆ ನಿದ್ರೆಯ ವೇಳೆಯಲ್ಲಿಯೂ ಅಪಾಯ ಒದಗುವುದು ಹೆಚ್ಚು.

ನಾಲ್ಕು ಭಾಗಗಳ ಲೆಕ್ಕ

ಪ್ರತಿಯೊಬ್ಬರಲ್ಲಿಯೂ ಈ ವಂಶವಾಹಿಗಳ ಎರಡೆರಡು ಪ್ರತಿಗಳಿರುತ್ತವೆ: ತಂದೆಯಿಂದ ಬಂದದ್ದು ಒಂದು, ತಾಯಿಯಿಂದ ಬಂದದ್ದು ಇನ್ನೊಂದು. ಒಂದು ಪ್ರತಿ ಸರಿಯಿದ್ದರೆ ಅರ್ಧದಷ್ಟು ಕೆಲಸವಾದರೂ ನಡೆಯಬೇಕಲ್ಲವೆ ಎಂಬ ಪ್ರಶ್ನೆ ಸಹಜ. ಇದಕ್ಕೆ ಉತ್ತರ ಕಾಲುವೆಯ ರಚನೆಯಲ್ಲಿದೆ. ಈ ಪೊಟ್ಯಾಸಿಯಂ ಕಾಲುವೆಗಳು ನಾಲ್ಕು ಪ್ರೋಟೀನುಗಳು ಒಂದುಗೂಡಿ ಆಗುವಂಥವು. ದೋಷವುಳ್ಳ ಪ್ರತಿಯಿಂದ ಪ್ರೋಟೀನೇ ತಯಾರಾಗದಿದ್ದರೆ ಕಾಲುವೆಗಳ ಸಂಖ್ಯೆ ಅರ್ಧಕ್ಕಿಳಿಯುತ್ತದೆ. ಉಳಿದವು ಸರಿಯಾಗಿ ಕೆಲಸ ಮಾಡುತ್ತವೆ. ಆದರೆ ದೋಷವುಳ್ಳ ಪ್ರೋಟೀನು ತಯಾರಾಗಿ, ಒಳ್ಳೆಯ ಪ್ರೋಟೀನುಗಳ ಜೊತೆ ಸೇರಿಕೊಂಡರೆ ಪರಿಸ್ಥಿತಿ ಬೇರೆ. ನಾಲ್ಕು ಭಾಗಗಳೂ ಒಳ್ಳೆಯವೇ ಆಗಿರುವ ಸಂಭವ ಅರ್ಧದ ಅರ್ಧದ ಅರ್ಧದ ಅರ್ಧ, ಅಂದರೆ ಹದಿನಾರರಲ್ಲಿ ಒಂದು ಮಾತ್ರ. ಒಂದು ಕಂಬ ಶಿಥಿಲವಾದರೂ ಚಪ್ಪರ ವಾಲುವಂತೆ, ಒಂದು ಕೆಟ್ಟ ಭಾಗವಿದ್ದರೆ ಸಾಕು, ಇಡೀ ಕಾಲುವೆ ಕೆಡಬಹುದು. ಹಾಗಾಗಿ ಏನನ್ನೂ ತಯಾರಿಸದ ವಂಶವಾಹಿಗಿಂತ, ದೋಷವುಳ್ಳದ್ದನ್ನು ತಯಾರಿಸುವ ವಂಶವಾಹಿಯು ಕೆಲವೊಮ್ಮೆ ಹೆಚ್ಚು ಹಾನಿಕರ.

ದೋಷದ ಬಗೆಗಳೂ ಹಲವು. ಕೆ.ಸಿ.ಎನ್.ಎಚ್.-2 ವಂಶವಾಹಿಯಲ್ಲಿ ಒಂದು ಅಮೈನೊ ಆಮ್ಲದ ಬದಲು ಇನ್ನೊಂದು ಬರುವ ಹಾನಿಕರ ರೂಪಭೇದಗಳಲ್ಲಿ ಬಹುಪಾಲು, ಪ್ರೋಟೀನು ಸರಿಯಾಗಿ ಮಡಿಸಿಕೊಳ್ಳದೆ ಕೋಶದೊಳಗೇ ಉಳಿದು ಪೊರೆಯನ್ನು ತಲಪದಿರುವಂಥವು. ಬೇರೆ ಕೆಲವದರಲ್ಲಿ ಕಾಲುವೆ ಪೊರೆಯನ್ನು ತಲಪಿದರೂ ತೆರೆಯುವುದಿಲ್ಲ. ಎಸ್.ಸಿ.ಎನ್.-5ಎ ವಂಶವಾಹಿಯ ಒಂದು ಪ್ರಸಿದ್ಧ ರೂಪಭೇದದಲ್ಲಿ ಮೂರು ಅಮೈನೊ ಆಮ್ಲಗಳು ಇಲ್ಲವಾಗಿ, ತೆರೆದ ಸೋಡಿಯಂ ಕಾಲುವೆ ಪೂರ್ತಿಯಾಗಿ ಮುಚ್ಚಿಕೊಳ್ಳುವುದಿಲ್ಲ. ಸೋರುವ ತೂಬಿನಂತೆ ಸೋಡಿಯಂ ಒಳಕ್ಕೆ ಜಿನುಗುತ್ತಲೇ ಇದ್ದು ಮಿಡಿತದ ಅವಧಿ ದೀರ್ಘವಾಗುತ್ತದೆ.

ಒಂದೇ ವಂಶವಾಹಿ, ವಿರುದ್ಧ ಪರಿಣಾಮ

ಇದೇ ಎಸ್.ಸಿ.ಎನ್.-5ಎ ವಂಶವಾಹಿಯ ಮತ್ತೆ ಕೆಲವು ರೂಪಭೇದಗಳಲ್ಲಿ ಸೋಡಿಯಂ ಒಳಬರುವುದೇ ಕಡಿಮೆಯಾಗುತ್ತದೆ. ಆಗ ಉಂಟಾಗುವುದು ಬ್ರುಗಾಡಾ ವ್ಯಾಧಿ. 1992ರಲ್ಲಿ ಪೆದ್ರೊ ಹಾಗೂ ಜೋಸೆಪ್ ಬ್ರುಗಾಡಾ ಸಹೋದರರು ಇದನ್ನು ವಿವರಿಸಿದರು. 1998ರಲ್ಲಿ ವಂಶವಾಹಿಯ ಸಂಬಂಧ ತಿಳಿಯಿತು. ಥೈಲೆಂಡಿನಲ್ಲಿ ಲಾಯ್ ತಾಯ್, ಫಿಲಿಪೈನ್ಸ್‌ನಲ್ಲಿ ಬಂಗುಂಗೊತ್, ಜಪಾನಿನಲ್ಲಿ ಪೊಕ್ಕುರಿ ಎಂಬ ಹೆಸರುಗಳಿಂದ ಕರೆಯಲಾಗುತ್ತಿದ್ದ, ಯುವಕರು ನಿದ್ರೆಯಲ್ಲಿ ಹಠಾತ್ತನೆ ಸಾಯುವ ಪ್ರಸಂಗಗಳಿಗೂ ಇದಕ್ಕೂ ನಂಟಿರುವುದು ಕಂಡುಬಂದಿದೆ. ಜ್ವರ ಬಂದಾಗ ಈ ವ್ಯಾಧಿಯ ಅಪಾಯ ಹೆಚ್ಚುವುದರಿಂದ, ರೋಗಿಗಳು ಜ್ವರವನ್ನು ಕೂಡಲೇ ಇಳಿಸಿಕೊಳ್ಳಬೇಕೆಂದು ವೈದ್ಯರು ಸಲಹೆ ನೀಡುತ್ತಾರೆ. ತೂಬು ಮುಚ್ಚದಿದ್ದರೆ ಒಂದು ವ್ಯಾಧಿ, ಸರಿಯಾಗಿ ತೆರೆಯದಿದ್ದರೆ ಇನ್ನೊಂದು. ಎರಡಕ್ಕೂ ಮೂಲ ಒಂದೇ ವಂಶವಾಹಿ. ಆದುದರಿಂದ ಯಾವ ವಂಶವಾಹಿಯಲ್ಲಿ ಬದಲಾವಣೆಯಾಗಿದೆ ಎಂದು ತಿಳಿದರಷ್ಟೇ ಸಾಲದು, ಆ ಬದಲಾವಣೆಯಿಂದ ಕಾಲುವೆಯ ಕಾರ್ಯ ಹೆಚ್ಚಿದೆಯೋ ಕುಗ್ಗಿದೆಯೋ ಎಂಬುದೂ ತಿಳಿಯಬೇಕು.

ಔಷಧಗಳ ವಿಷಯದಲ್ಲಿ ಎಚ್ಚರ

ಕೆ.ಸಿ.ಎನ್.ಎಚ್.-2 ವಂಶವಾಹಿಯ ಕಾಲುವೆಗೆ ಒಂದು ವೈಶಿಷ್ಟ್ಯವಿದೆ. ಬೇರೆ ಬೇರೆ ಕಾಯಿಲೆಗಳಿಗೆ ನೀಡುವ ಅನೇಕ ಔಷಧಗಳು ಇದರ ಒಳಗೆ ಸಿಕ್ಕಿಕೊಂಡು ಮಾರ್ಗವನ್ನು ಮುಚ್ಚಿಬಿಡುತ್ತವೆ. ಟರ್ಫೆನಡಿನ್ ಎಂಬ ಅಲರ್ಜಿಯ ಔಷಧವನ್ನು 1998ರಲ್ಲಿ, ಹೊಟ್ಟೆಯ ತೊಂದರೆಗೆ ನೀಡುತ್ತಿದ್ದ ಸಿಸಾಪ್ರೈಡ್ ಔಷಧವನ್ನು 2000ದಲ್ಲಿ ಅಮೆರಿಕದ ಮಾರುಕಟ್ಟೆಯಿಂದ ಹಿಂತೆಗೆದುಕೊಂಡದ್ದು ಇದೇ ಕಾರಣಕ್ಕೆ. ಈಗ ಹೊಸ ಔಷಧವೊಂದು ಬಳಕೆಗೆ ಬರುವ ಮುನ್ನವೇ ಈ ಕಾಲುವೆಯ ಮೇಲೆ ಅದರ ಪರಿಣಾಮವನ್ನು ಪರೀಕ್ಷಿಸಲಾಗುತ್ತದೆ. ಎರಿತ್ರೊಮೈಸಿನ್, ಹ್ಯಾಲೊಪೆರಿಡಾಲ್, ಡಾಂಪೆರಿಡೋನ್, ಕ್ಲೋರೊಕ್ವಿನ್ ಮುಂತಾದ ಔಷಧಗಳು ಕ್ಯು.ಟಿ. ಅಂತರವನ್ನು ಹೆಚ್ಚಿಸಬಲ್ಲವು. ಬಹುತೇಕರಿಗೆ ಇವುಗಳಿಂದ ಕೇಡಿಲ್ಲ. ಆದರೆ ಮೊದಲೇ ದುರ್ಬಲವಾದ ಕಾಲುವೆಗಳನ್ನು ಪಡೆದು ಹುಟ್ಟಿದವರಿಗೆ ಅಪಾಯವಿದೆ. ವೈದ್ಯರು ಬರೆದುಕೊಟ್ಟ ಔಷಧವನ್ನು ಭಯದಿಂದ ತಾವಾಗಿಯೇ ನಿಲ್ಲಿಸುವುದು ಸರಿಯಲ್ಲ; ಹಾಗೆಯೇ ಅಂಗಡಿಯಲ್ಲಿ ಕೇಳಿ ತಾವಾಗಿಯೇ ಕೊಳ್ಳುವುದೂ ಸರಿಯಲ್ಲ. ಕುಟುಂಬದಲ್ಲಿ ಹಠಾತ್ ಮರಣ ಸಂಭವಿಸಿದ್ದರೆ ಆ ಸಂಗತಿಯನ್ನು ವೈದ್ಯರಿಗೆ ಮುಂಚಿತವಾಗಿ ತಿಳಿಸುವುದೇ ಸರಿಯಾದ ಮಾರ್ಗ.

ಎಲ್ಲ ರೂಪಭೇದವೂ ರೋಗವಲ್ಲ

ಯಾವುದೇ ವ್ಯಕ್ತಿಯ ವಂಶವಾಹಿ ಸಮುಚ್ಚಯವನ್ನು ಮಾದರಿ ಪ್ರತಿಯೊಡನೆ ಹೋಲಿಸಿದರೆ 40ರಿಂದ 50 ಲಕ್ಷ ಸ್ಥಳಗಳಲ್ಲಿ ವ್ಯತ್ಯಾಸ ಕಾಣುತ್ತದೆ. ಇವುಗಳಲ್ಲಿ ಯಾವುದು ಹಾನಿಕರ ಎಂದು ನಿರ್ಧರಿಸುವುದು ಸುಲಭವಲ್ಲ. 2015ರಿಂದ ರೂಪಭೇದಗಳನ್ನು ಐದು ವರ್ಗಗಳಾಗಿ ವಿಂಗಡಿಸುವ ಪದ್ಧತಿ ಬಳಕೆಯಲ್ಲಿದೆ: ರೋಗಕಾರಕ, ಪ್ರಾಯಶಃ ರೋಗಕಾರಕ, ಅನಿಶ್ಚಿತ, ಪ್ರಾಯಶಃ ನಿರುಪದ್ರವಿ ಮತ್ತು ನಿರುಪದ್ರವಿ. ಪರೀಕ್ಷೆಯ ವರದಿಯಲ್ಲಿ ‘ಅನಿಶ್ಚಿತ’ ಎಂದಿದ್ದರೆ ಅದನ್ನು ರೋಗವೆಂದು ಭಾವಿಸಿ ಗಾಬರಿಯಾಗಬೇಕಾಗಿಲ್ಲ. ದೀರ್ಘ ಕ್ಯು.ಟಿ. ವ್ಯಾಧಿಗೆ ಕಾರಣವೆಂದು ಹೇಳಲಾಗಿದ್ದ 17 ವಂಶವಾಹಿಗಳನ್ನು 2020ರಲ್ಲಿ ತಜ್ಞರು ಮತ್ತೆ ಪರಿಶೀಲಿಸಿದಾಗ, ವ್ಯಾಧಿಯ ಸಾಮಾನ್ಯ ರೂಪಕ್ಕೆ ನಿರ್ವಿವಾದವಾದ ಆಧಾರ ದೊರೆತದ್ದು ಮೇಲೆ ಹೇಳಿದ ಮೂರು ವಂಶವಾಹಿಗಳಿಗೆ ಮಾತ್ರ.

ಕೆಲವು ರೂಪಭೇದಗಳು ಒಂದು ಜನಸಮುದಾಯದಲ್ಲಿ ವ್ಯಾಪಕವಾಗಿದ್ದು, ಇನ್ನೊಂದರಲ್ಲಿ ವಿರಳವಾಗಿರುತ್ತವೆ. ಉದಾಹರಣೆಗೆ, ಸೋಡಿಯಂ ಕಾಲುವೆಯ 1103ನೆಯ ಸ್ಥಾನದ ಒಂದು ರೂಪಭೇದವು ಆಫ್ರಿಕಾ ಮೂಲದ ಅಮೆರಿಕನ್ನರಲ್ಲಿ ನೂರಕ್ಕೆ ಸುಮಾರು 13 ಮಂದಿಯಲ್ಲಿದೆ ಎಂದು 2002ರಲ್ಲಿ ವರದಿಯಾಯಿತು. ಅದು ಅಪಾಯವನ್ನು ಅಲ್ಪ ಪ್ರಮಾಣದಲ್ಲಿ ಹೆಚ್ಚಿಸುತ್ತದೆ; ಆದರೆ ಅದುಳ್ಳವರಲ್ಲಿ ಬಹುಪಾಲು ಮಂದಿಗೆ ಜೀವಮಾನದಲ್ಲಿ ಯಾವ ತೊಂದರೆಯೂ ಆಗುವುದಿಲ್ಲ. ಈ ಬಗೆಯ ತೀರ್ಮಾನಗಳಿಗೆ ಆಯಾ ಜನರದೇ ಮಾಹಿತಿ ಬೇಕು. ಭಾರತ ಸರ್ಕಾರದ ಜೈವಿಕ ತಂತ್ರಜ್ಞಾನ ಇಲಾಖೆಯ ‘ಜೀನೋಮ್ ಇಂಡಿಯಾ’ ಯೋಜನೆಯ ಮಹತ್ವ ಇರುವುದು ಇಲ್ಲಿಯೇ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಆವರಣದಲ್ಲಿರುವ ಮಿದುಳು ಸಂಶೋಧನಾ ಕೇಂದ್ರದ ನೇತೃತ್ವದಲ್ಲಿ 20 ಸಂಸ್ಥೆಗಳು ಸೇರಿ ನಡೆಸಿದ ಈ ಯೋಜನೆಯಲ್ಲಿ ಸುಮಾರು 10,000 ಭಾರತೀಯರ ವಂಶವಾಹಿ ಸಮುಚ್ಚಯವನ್ನು ಓದಲಾಗಿದ್ದು, ಅದರ ಮಾಹಿತಿಯನ್ನು 2025ರ ಜನವರಿಯಲ್ಲಿ ಸಂಶೋಧಕರಿಗೆ ತೆರೆದಿಡಲಾಯಿತು.

ರಕ್ತಸಂಬಂಧದ ವಿವಾಹ

ದೀರ್ಘ ಕ್ಯು.ಟಿ. ವ್ಯಾಧಿಯ ಸಾಮಾನ್ಯ ರೂಪಕ್ಕೆ ತಂದೆ ಅಥವಾ ತಾಯಿಯಿಂದ ಬಂದ ಒಂದು ಪ್ರತಿಯ ದೋಷವೇ ಸಾಕು. ಅಂಥವರ ಪ್ರತಿಯೊಂದು ಮಗುವಿಗೂ ದೋಷ ಬರುವ ಸಂಭವ ಅರ್ಧಕ್ಕರ್ಧ. ಹುಟ್ಟುಕಿವುಡುತನದೊಡನೆ ಬರುವ ತೀವ್ರ ರೂಪಕ್ಕೆ ಎರಡೂ ಪ್ರತಿಗಳಲ್ಲಿ ದೋಷವಿರಬೇಕು. ಒಳಕಿವಿಯ ದ್ರವದಲ್ಲಿ ಪೊಟ್ಯಾಸಿಯಂ ಪ್ರಮಾಣವನ್ನು ಕಾಪಾಡುವುದೂ ಕೆ.ಸಿ.ಎನ್.ಕ್ಯು.-1 ವಂಶವಾಹಿಯ ಕಾಲುವೆಯೇ ಆದುದರಿಂದ ಇಂತಹ ಮಕ್ಕಳಲ್ಲಿ ಶ್ರವಣಶಕ್ತಿಯೂ ಇರುವುದಿಲ್ಲ. ಸೋದರಮಾವನಿಗೆ ಅಕ್ಕನ ಮಗಳನ್ನು, ಇಲ್ಲವೆ ಅತ್ತೆಯ ಮಗನಿಗೆ ಮಾವನ ಮಗಳನ್ನು ಕೊಡುವ ಪದ್ಧತಿ ಕರ್ನಾಟಕವೂ ಸೇರಿದಂತೆ ದಕ್ಷಿಣ ಭಾರತದ ಅನೇಕ ಸಮುದಾಯಗಳಲ್ಲಿದೆ. ಹೊರರಾಜ್ಯಗಳಲ್ಲಿ ನೆಲೆಸಿದ ಕುಟುಂಬಗಳೂ ಕೆಲವು ಕಡೆ ಇದನ್ನು ಮುಂದುವರಿಸಿಕೊಂಡು ಬಂದಿವೆ. ವಂಶವಾಹಿಗಳಲ್ಲಿ ಸೋದರಮಾವ ಮತ್ತು ಸೊಸೆಗೆ ಸರಾಸರಿ ನಾಲ್ಕರಲ್ಲಿ ಒಂದು ಪಾಲೂ, ಅತ್ತೆ-ಮಾವಂದಿರ ಮಕ್ಕಳಿಗೆ ಎಂಟರಲ್ಲಿ ಒಂದು ಪಾಲೂ ಸಮಾನವಾಗಿರುತ್ತದೆ. ಹೀಗಾಗಿ ಒಂದೇ ದೋಷ ಇಬ್ಬರಲ್ಲಿಯೂ ಇದ್ದು ಮಗುವಿನಲ್ಲಿ ಕೂಡುವ ಸಂಭವ ಹೆಚ್ಚು. ಹುಟ್ಟುಕಿವುಡು ಮಗುವಿಗೆ ಒಮ್ಮೆ ಇ.ಸಿ.ಜಿ. ಮಾಡಿಸುವುದು ಅಲ್ಪ ವೆಚ್ಚದ, ನೋವಿಲ್ಲದ ಪರೀಕ್ಷೆಯಾಗಿದ್ದು, ಅದರಿಂದ ಮಗುವಿನ ಪ್ರಾಣ ಉಳಿಯಬಹುದು.

ಚಿಕಿತ್ಸೆ

ಪ್ರಜ್ಞೆ ತಪ್ಪಿದಾಗ ಕೈಕಾಲು ಸೆಳೆಯುವುದೂ ಉಂಟು. ಇದರಿಂದಾಗಿ ಈ ವ್ಯಾಧಿಯನ್ನು ಮೂರ್ಛೆರೋಗವೆಂದು ತಪ್ಪಾಗಿ ತಿಳಿದು ವರ್ಷಗಟ್ಟಲೆ ಅದರ ಮಾತ್ರೆಗಳನ್ನೇ ನೀಡಿದ ನಿದರ್ಶನಗಳಿವೆ. ಗಾಳಿ ಸೋಕಿದೆಯೆಂದು ತಾಯತ ಕಟ್ಟಿಸುವುದರಲ್ಲಿ ಕಾಲ ಕಳೆಯುವವರೂ ಇದ್ದಾರೆ. ರೋಗ ಗೊತ್ತಾದರೆ ಚಿಕಿತ್ಸೆ ಇದೆ. ಬೀಟಾ ಬ್ಲಾಕರ್ ಎಂಬ ಗುಂಪಿನ ಪ್ರೊಪ್ರನೊಲಾಲ್, ನ್ಯಾಡೊಲಾಲ್ ಮುಂತಾದ ಮಾತ್ರೆಗಳನ್ನು ತಪ್ಪದೆ ಸೇವಿಸುವುದರಿಂದ ಅಪಾಯ ಗಣನೀಯವಾಗಿ ತಗ್ಗುತ್ತದೆ. ಸೋರುವ ಸೋಡಿಯಂ ಕಾಲುವೆಯುಳ್ಳ ಕೆಲವರಿಗೆ ಮೆಕ್ಸಿಲೆಟಿನ್ ಉಪಯುಕ್ತ. ಹೆಚ್ಚು ಅಪಾಯವಿರುವವರಿಗೆ, ಕೆಟ್ಟ ಲಯವನ್ನು ತಾನಾಗಿಯೇ ಸರಿಪಡಿಸುವ ಸಾಧನವನ್ನು ಎದೆಯಲ್ಲಿ ಅಳವಡಿಸಲಾಗುತ್ತದೆ.

ದೋಷದ ಬಗೆಯನ್ನು ಅರಿತು ಚಿಕಿತ್ಸೆ ರೂಪಿಸಬಹುದೆಂಬುದಕ್ಕೆ ಸಿಸ್ಟಿಕ್ ಫೈಬ್ರೋಸಿಸ್ ಎಂಬ ಶ್ವಾಸಕೋಶದ ವ್ಯಾಧಿಯೂ ಉತ್ತಮ ನಿದರ್ಶನ. ಅದರ ವಂಶವಾಹಿ 1989ರಲ್ಲಿ ಪತ್ತೆಯಾಯಿತು. ಅದು ಕ್ಲೋರೈಡ್ ಕಾಲುವೆಯನ್ನು ರಚಿಸುತ್ತದೆ. ಪೊರೆಯನ್ನು ತಲಪಿಯೂ ತೆರೆಯದ ಕಾಲುವೆಗಳನ್ನು ತೆರೆಯಿಸುವ ಐವಕ್ಯಾಫ್ಟರ್ ಔಷಧಕ್ಕೆ 2012ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ದೊರೆಯಿತು. ಪೊರೆಯನ್ನೇ ತಲಪದ ಕಾಲುವೆಗಳಿಗೆ ಅದು ಸಾಲದು; ಅವುಗಳನ್ನು ಪೊರೆಗೆ ತಲಪಿಸುವ ಎರಡು ಔಷಧಗಳನ್ನು ಸೇರಿಸಿದ ತ್ರಿವಳಿ ಮಿಶ್ರಣಕ್ಕೆ 2019ರಲ್ಲಿ ಒಪ್ಪಿಗೆ ಸಿಕ್ಕಿತು.

ಗಮನದಲ್ಲಿಡಬೇಕಾದ ಅಂಶಗಳು

1. ಓಡುವಾಗ, ಈಜುವಾಗ, ಬೆಚ್ಚಿಬಿದ್ದಾಗ ಇಲ್ಲವೆ ನಿದ್ರೆಯಲ್ಲಿ ಪ್ರಜ್ಞೆ ತಪ್ಪಿದವರಿಗೆ ಇ.ಸಿ.ಜಿ. ಪರೀಕ್ಷೆ ಮಾಡಿಸಬೇಕು.

2. ಕುಟುಂಬದಲ್ಲಿ ಎಳೆಯ ವಯಸ್ಸಿನವರು ಕಾರಣ ತಿಳಿಯದೆ ಹಠಾತ್ತನೆ ಮೃತಪಟ್ಟಿದ್ದರೆ ತಂದೆತಾಯಿ, ಒಡಹುಟ್ಟಿದವರು ಹಾಗೂ ಮಕ್ಕಳು ಹೃದಯ ತಜ್ಞರನ್ನು ಕಾಣಬೇಕು.

3. ದೋಷವುಳ್ಳ ಕೆಲವರಲ್ಲಿ ಇ.ಸಿ.ಜಿ. ಸಹಜವಾಗಿಯೇ ಇರಬಹುದು. ಆದುದರಿಂದ ಕುಟುಂಬದ ಒಬ್ಬರಲ್ಲಿ ರೋಗಕಾರಕ ರೂಪಭೇದ ಖಚಿತವಾದರೆ ಇತರರೂ ಅದೇ ರೂಪಭೇದಕ್ಕಾಗಿ ಪರೀಕ್ಷೆ ಮಾಡಿಸಿಕೊಳ್ಳುವುದು ಒಳಿತು.

4. ದೆಹಲಿಯ ಅಖಿಲ ಭಾರತ ವೈದ್ಯಕೀಯ ವಿಜ್ಞಾನ ಸಂಸ್ಥೆ, ಮುಂಬಯಿಯ ಕೆ.ಇ.ಎಂ. ಆಸ್ಪತ್ರೆ, ಹೈದರಾಬಾದಿನ ನಿಜಾಮ್ಸ್ ವೈದ್ಯಕೀಯ ವಿಜ್ಞಾನ ಸಂಸ್ಥೆ ಮುಂತಾದೆಡೆ ಅನುವಂಶಿಕ ರೋಗಗಳ ವಿಭಾಗಗಳಿವೆ. ಪರೀಕ್ಷೆಗೆ ಮುನ್ನವೂ ಅನಂತರವೂ ತಜ್ಞರ ಸಲಹೆ ಪಡೆಯಬೇಕು.

5. ಯಾರಾದರೂ ಹಠಾತ್ತನೆ ಕುಸಿದು ಉಸಿರಾಟ ನಿಂತರೆ ಕೂಡಲೇ 112 ಅಥವಾ 108ಕ್ಕೆ ಕರೆಮಾಡಿ, ನೆರವು ಬರುವವರೆಗೆ ಎದೆಯ ನಡುಭಾಗವನ್ನು ನಿಮಿಷಕ್ಕೆ 100ರಿಂದ 120 ಸಲ ಬಲವಾಗಿ ಒತ್ತುತ್ತಿರಬೇಕು.

ವಂಶವಾಹಿಯಲ್ಲಿನ ದೋಷ ಯಾರ ತಪ್ಪೂ ಅಲ್ಲ, ಯಾರಿಗೂ ಕಳಂಕವೂ ಅಲ್ಲ. ಅದನ್ನು ಮುಚ್ಚಿಡುವುದರಿಂದ ಮುಂದಿನ ಪೀಳಿಗೆಗೆ ಹಾನಿ. ತಿಳಿದು ಹೇಳಿಕೊಳ್ಳುವುದರಿಂದ ರಕ್ಷಣೆ.